ಹದಿನಾಲ್ಕನೆಯ ಕಾಲಂ

12 ಮಾರ್ಚ್ 2025, ಬುಧವಾರ, ಮದ್ದೂರು

ಮೊನ್ನೆ ಸೋಮವಾರ, ಮಾರ್ಚ್ ಹತ್ತನೇ ತಾರೀಖು, ಮಧ್ಯಾಹ್ನ ಎರಡು ಗಂಟೆಗೆ, ಮಂಡ್ಯದ ನಮ್ಮ ಕಾಲೇಜಿನ ಅರ್ಥಶಾಸ್ತ್ರ ವಿಭಾಗದ ಬೀರುವಿನಿಂದ ನೂರಾ ಎಂಬತ್ತು ಮನೆಗಳ ಸಮೀಕ್ಷೆಯ ಹಾಳೆಗಳನ್ನು ಶಿಂಷಾತೀರ ಜನಹಿತ ಟ್ರಸ್ಟಿನವರು ಎತ್ತಿಕೊಂಡು ಹೋದರು. ಯಾರನ್ನೂ ಕೇಳಲಿಲ್ಲ. ಒಂದು ಚೀಟಿಗೂ ಸಹಿ ಮಾಡಲಿಲ್ಲ. ತಾರೀಖು, ಹೊತ್ತು ಎರಡನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ನಾಳೆ ಯಾರಾದರೂ ಹಾಗೇನೂ ಆಗಿಲ್ಲ ಅಂದರೆ ನನ್ನ ಹತ್ತಿರ ಇರಲಿ.

ಕಾಲೇಜು ಟ್ರಸ್ಟಿನದು, ಅದರ ಪಕ್ಕದ ಆಸ್ಪತ್ರೆಯೂ ಟ್ರಸ್ಟಿನದು, ಬೀರುವೂ ಅವರದೇ ಇರಬಹುದು. ಹಾಳೆಗಳು ಅವರವಲ್ಲ. ಬಿ.ಎ. ನಾಲ್ಕನೇ ಸೆಮಿಸ್ಟರಿನ ಸಮಗ್ರ ಅರ್ಥಶಾಸ್ತ್ರ ಪತ್ರಿಕೆಗಾಗಿ ಫೆಬ್ರವರಿಯ ಬಿಸಿಲಿನಲ್ಲಿ ಮನೆಮನೆ ತಿರುಗಿ ನಾವು ಬರೆದದ್ದು. ಒಂದು ಮನೆಗೆ ವರ್ಷಕ್ಕೆ ಎಷ್ಟು ಬರುತ್ತದೆ, ಎಷ್ಟು ಖರ್ಚಾಗುತ್ತದೆ, ನೂರು ರೂಪಾಯಿ ಹೆಚ್ಚು ಬಂದರೆ ಅದರಲ್ಲಿ ಎಷ್ಟು ಉಳಿಸುತ್ತಾರೆ. ಪ್ರತಿ ಹಾಳೆಯ ನೆತ್ತಿಯ ಮೇಲೆ ‘ಅಧ್ಯಯನಕ್ಕೆ ಮಾತ್ರ’ ಎಂದಿದೆ. ನಾನು ಹೋದ ಮೂವತ್ತು ಮನೆಗಳಲ್ಲೂ ಆ ಸಾಲನ್ನು ಗಟ್ಟಿಯಾಗಿ ಓದಿ ಹೇಳಿದ್ದೇನೆ. ಇಪ್ಪತ್ತೊಂಬತ್ತು ವರ್ಷ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತವಳು ನಾನು, ಅದರಲ್ಲಿ ಹದಿನಾಲ್ಕು ವರ್ಷ ಮಳವಳ್ಳಿಯಲ್ಲಿ. ಆ ಕಡೆಯ ಹಳ್ಳಿಗಳಲ್ಲಿ ನನ್ನ ಮಾತಿಗೆ ಬೆಲೆ ಇದೆ.

ಶಿವರಾಜು ಸರ್ ಹತ್ತಿರ ಹೋಗಿ ಕೇಳಿದೆ. ಬಸರಾಳಿನವರು, ಮೂವತ್ತೊಂದು ವಯಸ್ಸು, ಅತಿಥಿ ಉಪನ್ಯಾಸಕರು. ನನ್ನ ಮಗನ ವಯಸ್ಸಿನವರಾದರೂ ನನ್ನ ಗುರು.

“ಬುಡಿ ಮೇಡಂ. ಮನೆ ಯಜಮಾನ ಅಟ್ಟದಿಂದ ಏನೋ ಇಳಿಸ್ಕೊಂಡ ಅಂದ್ರೆ ಕಳ್ಳತನ ಅಂತೀವಾ?”

“ಅಟ್ಟದ ಮೇಲೆ ಇದ್ದದ್ದು ಪಕ್ಕದ ಮನೆಯವರ ಒಡವೆ ಆಗಿದ್ರೆ ಅಂತೀವಿ ಸರ್.”

ಅವರು ಹಾಜರಿ ಪುಸ್ತಕ ತೆರೆದು ಅದನ್ನೇ ನೋಡುತ್ತಾ ಕೂತರು.

ಸಂಜೆ ರೋಜಾ ಉಪವಾಸ ಬಿಡುವಾಗ ನನ್ನ ಗಂಡ ರಹೀಂ ಖರ್ಜೂರದ ತಟ್ಟೆಗೆ ಹೇಳುವ ಹಾಗೆ ಹೇಳಿದರು: “ಐವತ್ತಾರನೇ ವಯಸ್ಸಲ್ಲಿ ಕಾಲೇಜಿಗೆ ಹೋಗಿ ಜಗಳ ಆಡೋದು ಕಲ್ತ್ಕೊಂಡು ಬಂದವ್ಳೆ ನೋಡಪ್ಪ ಇವ್ಳು.” ಪಂಪ್‌ಸೆಟ್ಟಿನ ಮೋಟರಿಗೆ ತಂತಿ ಸುತ್ತುವವರಿಗೆ ಇದರ ಗಂಭೀರತೆ ಹೇಗೆ ತಿಳಿಯಬೇಕು.

19 ಮಾರ್ಚ್, ಬುಧವಾರ

ಆಂತರಿಕ ಅಂಕ ಹಾಕಿದರು. ನನಗೆ ಇಪ್ಪತ್ತಕ್ಕೆ ಇಪ್ಪತ್ತು. ಇಡೀ ತರಗತಿಯಲ್ಲಿ ಒಬ್ಬಳಿಗೇ.

ಕಾರಣ ಹದಿನಾಲ್ಕನೆಯ ಕಾಲಂ. ಕೈಗೆ ಬಂದ ನಗದಷ್ಟೇ ಆದಾಯವಲ್ಲ. ಮನೆಯಲ್ಲೇ ಬೆಳೆದು ತಿಂದ ರಾಗಿ, ಕರೆದು ಕುಡಿದ ಹಾಲು, ಸ್ವಂತ ಮನೆಯಲ್ಲಿದ್ದು ಉಳಿಸಿದ ಬಾಡಿಗೆ, ಇವಕ್ಕೆಲ್ಲ ಬೆಲೆ ಕಟ್ಟಿ ಸೇರಿಸಬೇಕೆಂದು ಪಠ್ಯದಲ್ಲೇ ಇದೆ. ನಾನು ಗ್ರಂಥಾಲಯದ ದಪ್ಪ ಪುಸ್ತಕ ತಿರುವಿ ಇನ್ನೊಂದು ಹೆಜ್ಜೆ ಮುಂದೆ ಹೋದೆ. ಒಂದು ಮನೆಗೆ ಉಚಿತವಾಗಿ ಸಿಗುವ ಸೇವೆಗೂ ಮಾರುಕಟ್ಟೆಯ ಬೆಲೆ ಇದೆ. ದೇಶದ ನಿಜವಾದ ಅನುಭೋಗ ತಿಳಿಯಬೇಕಾದರೆ ಅದನ್ನೂ ಆದಾಯಕ್ಕೆ ಸೇರಿಸಿ ನೋಡಬೇಕು. ಜನವರಿಯಲ್ಲಿ ಇದನ್ನು ತರಗತಿಯಲ್ಲಿ ಹೇಳಿದಾಗ ಸರ್ ಮೇಜು ತಟ್ಟಿ, ನಮೂನೆಯಲ್ಲಿ ಹೊಸದಾಗಿ ಹದಿನಾಲ್ಕನೆಯ ಕಾಲಂ ಹಾಕಿಸಿದರು.

ನನ್ನ ಹಾಳೆಗಳಲ್ಲಿ ಅತ್ಯುತ್ತಮವಾದದ್ದು ಮನೆ ಸಂಖ್ಯೆ 63, ಮಳವಳ್ಳಿ ಕಡೆಯ ಬಂಡೂರು. ಗಂಡ, ಹೆಂಡತಿ. ಹನ್ನೊಂದು ಕುರಿ. ಕುರಿ ಮಂದೆಯನ್ನು ಬೇರೆಯವರ ಹೊಲದಲ್ಲಿ ಗೊಬ್ಬರಕ್ಕೆ ನಿಲ್ಲಿಸಿದ್ದಕ್ಕೆ ಸಿಗುವ ರಾಗಿಗೂ ಬೆಲೆ ಕಟ್ಟಿದೆ. ಹೆಂಡತಿಗೆ ಎರಡೂ ಮೂತ್ರಪಿಂಡ ಹೋಗಿದೆ. ಟ್ರಸ್ಟಿನ ಆಸ್ಪತ್ರೆಯಲ್ಲಿ ವಾರಕ್ಕೆರಡು ಸಲ ಉಚಿತ ಡಯಾಲಿಸಿಸ್. ಅದನ್ನೂ ವರ್ಷಕ್ಕೆ ನೂರಾ ನಾಲ್ಕು ಸಲ ಎಂದು ಗುಣಿಸಿ ಬರೆದೆ. ಟ್ರಸ್ಟಿನವರು ಎತ್ತಿಕೊಂಡು ಹೋಗುವ ಮೊದಲು ಸರ್ ಆ ಹಾಳೆಯನ್ನು ಎಲ್ಲರಿಗೂ ತೋರಿಸಿದ್ದರು.

ಪಕ್ಕದಲ್ಲಿ ಕೂರುವ ನಯನಳಿಗೆ ಒಂಬತ್ತು ಅಂಕ. ಅವಳ ಹಾಳೆಗಳಲ್ಲಿ ಆ ಕಾಲಂ ಖಾಲಿ.

“ಆಂಟಿ, ಪುಕ್ಸಟ್ಟೆ ಸಿಕ್ಕಿದ್ದು ಆದಾಯ ಎಂಗಾಯ್ತದೆ? ತಲೆಗೇ ಓಗ್ಲಿಲ್ಲ ನಂಗೆ. ಖಾಲಿ ಬುಟ್ಬುಟ್ಟೆ.”

ಕ್ಯಾಂಟೀನಿನಲ್ಲಿ ಅವಳಿಗೊಂದು ಟೀ ಕೊಡಿಸಿ ಅರ್ಧ ಗಂಟೆ ವಿವರಿಸಿದೆ. ಕೊನೆಗೆ ಲೋಟ ಕೆಳಗಿಟ್ಟು, “ಸರಿ ಬುಡಿ, ಈ ಟೀನೂ ನನ್ನ ಆದಾಯಕ್ಕೆ ಬರ್ಕೊಳಿ” ಅಂದಳು. ಹುಡುಗಿ ಒಳ್ಳೆಯವಳು, ಆದರೆ ವಿಷಯ ಹಿಡಿಯುವುದಿಲ್ಲ.

3 ಏಪ್ರಿಲ್, ಗುರುವಾರ

ರಂಜಾನ್ ಹಬ್ಬವಾಗಿ ಮೂರು ದಿನ. ಹನ್ನೊಂದರ ಹೊತ್ತಿಗೆ ಬಾಗಿಲಲ್ಲಿ ಹೆಂಗಸೊಬ್ಬಳು ಕಂಬಿ ಹಿಡಿದು ನಿಂತಿದ್ದಳು. ಬಂಡೂರಿನ ಚಿಕ್ಕಬೋರಮ್ಮ. ಮನೆ ಸಂಖ್ಯೆ 63. ಆಸ್ಪತ್ರೆಯಿಂದ ಊರಿಗೆ ಹೋಗುವಾಗ ಮದ್ದೂರಿನಲ್ಲಿ ಬಸ್ಸಿಳಿದು, ರಹೀಂ ಅವರ ಮೋಟರ್ ಅಂಗಡಿಯಲ್ಲಿ ದಾರಿ ಕೇಳಿ ಬಂದಿದ್ದಳು.

ಹಬ್ಬದ ಶಾವಿಗೆ ಪಾಯಸ, ಶೀರ್ ಖುರ್ಮಾ ಕೊಟ್ಟೆ. “ಒಂದೇ ಚಮಚ ಕೊಡಕ್ಕ ಸಾಕು. ನೀರು, ಹಾಲು ಎಲ್ಲಾದುಕ್ಕೂ ಲೆಕ್ಕ ಐತೆ ನಂಗೆ” ಅಂದಳು. ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡು ನಿಧಾನವಾಗಿ ನುಂಗಿದಳು.

ಆಮೇಲೆ ಸೆರಗಿನ ಗಂಟಿನಿಂದ ಕಾಗದ ತೆಗೆದಳು. “ಇದ ಓದಕ್ಕ. ಪೋಸ್ಟಾಪೀಸ್ನಾಗೆ ನೀನೇ ಓದಿ ಯೋಳ್ತಿದ್ದೆ ನಮ್ಗೆಲ್ಲ.”

ಟ್ರಸ್ಟಿನ ಕಾಗದ. ಕುಟುಂಬದ ವಾರ್ಷಿಕ ಆದಾಯ ಎರಡು ಲಕ್ಷ ಇಪ್ಪತ್ತೇಳು ಸಾವಿರದ ಎಂಟುನೂರು. ಮಿತಿ ಒಂದೂವರೆ ಲಕ್ಷ. ಆದ್ದರಿಂದ ಉಚಿತ ಚಿಕಿತ್ಸೆಯ ಕಾರ್ಡು ಏಪ್ರಿಲ್ ಮೂವತ್ತಕ್ಕೆ ಮುಗಿಯುತ್ತದೆ.

ಓದಿದೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

“ಎರಡು ಲಕ್ಸ ಯಾರ ಮನೇದು ಅಕ್ಕ? ನಮ್ಮನೇದಾ? ಎಲ್ಲಿಟ್ಟಿದ್ದಾನೋ ಕೇಳ್ಬೇಕು ನನ್ ಗಂಡನ್ನ” ಅಂತ ನಕ್ಕಳು. ನಗು ಮುಗಿಸುವಷ್ಟು ಉಸಿರಿರಲಿಲ್ಲ.

ಕಚೇರಿಯಲ್ಲಿ ಏನೋ ತಪ್ಪಾಗಿದೆ, ನಾನು ವಿಚಾರಿಸುತ್ತೇನೆ ಅಂದೆ. ಅವಳನ್ನು ಬಸ್ಸು ಹತ್ತಿಸಿ ಬಂದೆ.

5 ಏಪ್ರಿಲ್, ಶನಿವಾರ

ಟ್ರಸ್ಟಿನ ಕಚೇರಿಯಲ್ಲಿ ಮಂಜುಶ್ರೀ ಅನ್ನುವ ಹುಡುಗಿ ಇದ್ದಾಳೆ. ಮರ್ಯಾದೆಯವಳು, ಕುರ್ಚಿ ಎಳೆದು ಕೊಟ್ಟಳು. ನಾನು ನಿಂತೇ ಮಾತಾಡಿದೆ. ‘ಅಧ್ಯಯನಕ್ಕೆ ಮಾತ್ರ’ ಎಂದು ಬರೆದ ಹಾಳೆಯನ್ನು ಕಾರ್ಡು ಕಿತ್ತುಕೊಳ್ಳಲು ಬಳಸಿದ್ದು ಯಾವ ನ್ಯಾಯ ಅಂತ ಕೇಳಿದೆ.

“ಉಚಿತ ಕಾರ್ಡಿನ ಪಟ್ಟಿ ಚಿಕ್ಕದು ಮಾಡಿ ಅಂತ ಮೇಲಿಂದ ಹೇಳಿದ್ರು ಮೇಡಂ. ಹೊಸದಾಗಿ ಸರ್ವೆ ಮಾಡ್ಸಕ್ಕೆ ಖರ್ಚು. ಕಾಲೇಜಿನೋರು ಆಗ್ಲೇ ಮಾಡವ್ರಲ್ಲ ಅಂದ್ರು.”

“ತಪ್ಪು ಮಾಡಿದ್ದೀರಿ. ಆ ಮನೆಗೆ ವರ್ಷಕ್ಕೆ ಎಪ್ಪತ್ತೊಂದು ಸಾವಿರ ನಗದು ಬಂದ್ರೆ ಹೆಚ್ಚು.”

ಅವಳು ಕಡತ ತೆಗೆದು ನನ್ನ ಕಡೆ ತಿರುಗಿಸಿದಳು. ನಗದು ಎಪ್ಪತ್ತೊಂದು ಸಾವಿರ. ರಾಗಿ, ಹಾಲು, ಮನೆ ಬಾಡಿಗೆ ಮೂವತ್ತೆರಡು ಸಾವಿರ. ಹದಿನಾಲ್ಕನೆಯ ಕಾಲಂ: ಡಯಾಲಿಸಿಸ್, ಒಂದು ಲಕ್ಷ ಇಪ್ಪತ್ತನಾಲ್ಕು ಸಾವಿರದ ಎಂಟುನೂರು.

“ಕೂಡಿರೋದ್ರಲ್ಲಿ ತಪ್ಪಿದ್ರೆ ಹೇಳಿ ಮೇಡಂ” ಅಂದಳು.

ಕೂಡಿದ್ದರಲ್ಲಿ ತಪ್ಪಿರಲಿಲ್ಲ. ಉಚಿತ ಡಯಾಲಿಸಿಸ್ ಸಿಗುತ್ತಿದ್ದುದರಿಂದಲೇ ಆ ಮನೆ ಉಚಿತ ಡಯಾಲಿಸಿಸ್ಸಿಗೆ ಅರ್ಹವಲ್ಲದಷ್ಟು ಶ್ರೀಮಂತವಾಗಿತ್ತು.

6 ಏಪ್ರಿಲ್, ಭಾನುವಾರ

ಅದು ನನ್ನ ಅಕ್ಷರ.

9 ಏಪ್ರಿಲ್, ಬುಧವಾರ

ತರಗತಿ ಮುಗಿದ ಮೇಲೆ ಶಿವರಾಜು ಸರ್‌ಗೆ ಎಲ್ಲ ಹೇಳಿದೆ. ಒಂದು ದೇಶವನ್ನು ಅಳೆಯಲು ಹೊಲಿದ ಅಂಗಿಯನ್ನು ಒಂದು ಮನೆಗೆ ತೊಡಿಸಿದ್ದಾರೆ, ಬಾಯಿಬಿಟ್ಟು ಹೇಳಬೇಕಾದವರು ನೀವು ಅಂದೆ. ಒಟ್ಟಿಗೆ ನಿಜವಾದದ್ದು ಬಿಡಿಗೆ ನಿಜವಾಗಬೇಕಿಲ್ಲ ಅಂತ ಎರಡನೇ ವಾರದಲ್ಲೇ ಕಲಿಸಿದವರು ಅವರು.

ಬೋರ್ಡು ಒರೆಸುತ್ತಾ ಇದ್ದರು. ತಿರುಗಲಿಲ್ಲ.

“ಜೂನ್‌ಗೆ ನನ್ನ ಆರ್ಡರ್ ಮುಗೀತದೆ ಮೇಡಂ. ಮತ್ತೆ ತಗೊಳೋದು ಬುಡೋದು ಅವರ ಕೈಲೈತೆ. ಎರಡು ಮಕ್ಳು ನಂಗೆ.” ಆಮೇಲೆ ಮೆತ್ತಗೆ: “ಆ ಕಾಲಂ ಹಾಕ್ಸಿ ಅಂದಿದ್ದು ಯಾರು?”

ಇಂಥವರ ಕೈಯಲ್ಲಿ ವಿದ್ಯೆ ಇದೆ. ನಮ್ಮ ಕಾಲದ ಮೇಷ್ಟ್ರುಗಳು ಹೀಗೆ ಮಾತಾಡುತ್ತಿರಲಿಲ್ಲ. ಅವರ ಪ್ರಶ್ನೆಗೆ ಉತ್ತರ ಕೊಡುವ ಅಗತ್ಯ ನನಗೆ ಕಾಣಲಿಲ್ಲ.

24 ಏಪ್ರಿಲ್, ಗುರುವಾರ

ಬಂಡೂರಿಗೆ ಹೋಗಿದ್ದೆ. ಬೇಲಿಗಳೆಲ್ಲ ಒಣಗಿವೆ, ಗಾಳಿ ಇಲ್ಲ. ನಾನು ಬಸ್ಸಿಳಿದಾಗ ಅರಳಿಕಟ್ಟೆಯ ಮೇಲಿದ್ದವರು ಮಾತು ನಿಲ್ಲಿಸಿದರು. ಹಿಂದೆಲ್ಲ “ಪೋಸ್ಟಮ್ಮ ಬಂದ್ರು” ಅಂತ ಜಾಗ ಮಾಡಿಕೊಡುತ್ತಿದ್ದವರು.

ಆ ಊರಿನಲ್ಲಿ ಆರು ಮನೆಗೆ ಕಾಗದ ಬಂದಿದೆ. ಆರೂ ನನ್ನ ಹಾಳೆಗಳು. ನಯನ ಬರೆದ ಮನೆಗಳಲ್ಲಿ ಒಂದಕ್ಕೂ ಬಂದಿಲ್ಲ.

ಚಿಕ್ಕಬೋರಮ್ಮನ ಗಂಡ ಹೊನ್ನಯ್ಯ ಕೊಟ್ಟಿಗೆಯ ಮುಂದೆ ಕುರಿಯೊಂದರ ಗೊರಸು ಕೆರೆಯುತ್ತಿದ್ದ. ತಲೆ ಎತ್ತದೆ ಮಾತಾಡಿದ.

“ಬ್ಯಾರೆ ಆಸ್ಪತ್ರೇಲಿ ಎಸ್ರು ಬರ್ಸಿವ್ನಿ. ಸರದಿ ಬರ್ಬೇಕಂತೆ. ಯಾವತ್ತು ಅಂದ್ರೆ, ಮುಂದಿರೋರು ಕಮ್ಮಿ ಆದ್ಮೇಲೆ ಅಂದ ಅಲ್ಲಿನೋನು. ಎಂಗ್ ಕಮ್ಮಿ ಆಯ್ತಾರೆ ಸ್ವಾಮಿ ಅಂದೆ. ಪುಸ್ತಕ ಮುಚ್ಬುಟ್ಟ.”

“ಮೇ ತಿಂಗಳಿಗೆ ಏನು ಮಾಡ್ತೀರಿ?”

“ಅನ್ನೊಂದು ಕುರಿ ಅವೆ. ಒಂದು ಕುರಿಗೆ ಇಂತಿಷ್ಟು ವಾರ ಅಂತ ಅವ್ಳೇ ಲೆಕ್ಕ ಆಕವ್ಳೆ. ವಾರಕ್ಕೊಂದೇ ಸಲ ಆದ್ರೆ ಇನ್ನೂ ಎಳೀಬೋದು ಅಂತಾಳೆ.”

ಒಳಗಿನಿಂದ ಅವಳ ಧ್ವನಿ ಬಂತು: “ಟಗರು ಮಾತ್ರ ಕೊಡಕಿಲ್ಲ ಕಣೋ. ಅದು ಇದ್ರೆ ತಾನೆ ಮುಂದುಕ್ಕೆ ಮಂದೆ?”

ಮುಂದಕ್ಕೆ ಅನ್ನುವ ಮಾತನ್ನು ಅವಳು ಎಷ್ಟು ಸುಲಭವಾಗಿ ಆಡಿದಳು. ಹೇಳಬೇಕೆಂದು ಹೋದದ್ದನ್ನು ಹೇಳದೆ ಬಂದೆ.

2 ಮೇ, ಶುಕ್ರವಾರ

ಕಾರ್ಡು ಮುಗಿಯಿತು.

8 ಮೇ, ಗುರುವಾರ

ಮಂಜುಶ್ರೀ ಫೋನು ಮಾಡಿದ್ದಳು. ತಾನು ಹೇಳಿದ್ದು ಅಂತ ಯಾರಿಗೂ ತಿಳಿಯಬಾರದು ಅಂದಳು. ಕಾರ್ಡು ಮತ್ತೆ ಪರಿಶೀಲನೆಗೆ ಬರಬೇಕಾದರೆ ಒಂದೇ ದಾರಿ: ಹಾಳೆ ಬರೆದವರೇ, ‘ನಾನು ಬರೆದ ಆದಾಯ ಈ ಕೆಲಸಕ್ಕೆ ತಪ್ಪು’ ಎಂದು ಸಹಿ ಹಾಕಿ ಕೊಡಬೇಕು.

“ಕೊಟ್ರೆ ನಿಮ್ಮ ಅಂಕ ಹೋಗ್ತದೆ ಮೇಡಂ. ಪರೀಕ್ಷೆಗೂ ಕೂರ್ಸಲ್ವೋ ಏನೋ. ಯೋಚ್ನೆ ಮಾಡಿ.”

ಪರೀಕ್ಷೆ ಇಪ್ಪತ್ತಾರಕ್ಕೆ. ಪರೀಕ್ಷೆಗೇ ಕೂರಿಸದಿದ್ದರೆ ನಾನು ಯಾರೋ ದಾರಿಹೋಕಳು. ಆಗ ನನ್ನ ಮಾತನ್ನು ಯಾರು ಕೇಳುತ್ತಾರೆ? ಬರೆದು ಮುಗಿಸಿದರೆ ಪಾಸಾದವಳು ಅನ್ನುವ ಬಲ ಇರುತ್ತದೆ. ತಂತ್ರದ ದೃಷ್ಟಿಯಿಂದ ಇಪ್ಪತ್ತಾರರ ನಂತರವೇ ಸಹಿ ಹಾಕುವುದು ಸರಿ.

ರಹೀಂಗೆ ಹೇಳಿದೆ. ಅವರು ಇಕ್ಕಳದಿಂದ ತಂತಿಯ ತುದಿ ಕತ್ತರಿಸುತ್ತಾ, “ಮೋಟರ್ ಸುಡ್ತಾ ಇದ್ರೆ ಮೊದ್ಲು ಸ್ವಿಚ್ ಆಫ್ ಮಾಡ್ತಾರೆ ಕಣಮ್ಮ. ಆಮೇಲೆ ಯಾರದು ತಪ್ಪು ಅಂತ ನೋಡ್ತಾರೆ” ಅಂದರು. ಇದು ಮೋಟರ್ ಅಲ್ಲ ಎಂದು ವಿವರಿಸಲು ಹೋಗಲಿಲ್ಲ.

15 ಮೇ, ಗುರುವಾರ

ಗುಣಕ, ಹೂಡಿಕೆಯ ಸಿದ್ಧಾಂತ, ಹಣದ ಬೇಡಿಕೆ ಮುಗಿಸಿದೆ. ರಾಷ್ಟ್ರೀಯ ಆದಾಯದ ಅಧ್ಯಾಯ ಬಾಕಿ. ಪುಟ ತೆರೆದರೆ ಓದಲಾಗುತ್ತಿಲ್ಲ.

ಅಂಗಡಿಗೆ ಬಂದ ಬಂಡೂರಿನವರೊಬ್ಬರು ರಹೀಂಗೆ ಹೇಳಿದರಂತೆ, ಚಿಕ್ಕಬೋರಮ್ಮ ಈಗ ಮಲಗಿ ನಿದ್ದೆ ಮಾಡುವುದಿಲ್ಲ, ಗೋಡೆಗೆ ಒರಗಿ ಕೂತೇ ಇರುತ್ತಾಳೆ, ಮಲಗಿದರೆ ಉಸಿರು ಕಟ್ಟುತ್ತದೆ ಅಂತ. ನನಗೆ ಹೇಳುವಾಗ ರಹೀಂ ನನ್ನ ಪುಸ್ತಕದ ಕಡೆ ನೋಡಲಿಲ್ಲ.

26 ಮೇ, ಸೋಮವಾರ

ಪರೀಕ್ಷೆ ಬರೆದೆ. ಮೂರನೆಯ ಪ್ರಶ್ನೆ: ಹಣ ಕೊಡದೆ ಪಡೆದ ಸರಕು ಮತ್ತು ಸೇವೆಗಳಿಗೆ ಬೆಲೆ ಕಟ್ಟುವ ವಿಧಾನವನ್ನು ಉದಾಹರಣೆ ಸಹಿತ ವಿವರಿಸಿ. ಹತ್ತು ಅಂಕ.

ಆರು ಪುಟ ಬರೆದೆ. ಕೈ ನಿಲ್ಲಲೇ ಇಲ್ಲ. ಉದಾಹರಣೆಗೆ ಬಂಡೂರಿನ ಒಂದು ಕುಟುಂಬವನ್ನು ಕೊಟ್ಟೆ.

ಹೊರಗೆ ಬಂದು ನಲ್ಲಿಯಲ್ಲಿ ಬೆರಳಿನ ಶಾಯಿ ತೊಳೆಯುತ್ತಿದ್ದಾಗ ವಾಂತಿಯಾಯಿತು. ನಯನ ಬೆನ್ನು ಸವರಿ, “ಬಿಸ್ಲು ಕಣಾಂಟಿ” ಅಂದಳು.

28 ಮೇ, ಬುಧವಾರ

ಸಹಿ ಹಾಕಿ ಕೊಟ್ಟೆ. ಆರು ಮನೆಗಷ್ಟೇ ಅಲ್ಲ, ನನ್ನ ಮೂವತ್ತು ಹಾಳೆಗಳಿಗೂ. ಹದಿನಾಲ್ಕನೆಯ ಕಾಲಂ ನನ್ನ ಸಲಹೆ, ಅದು ಇಲ್ಲಿ ತಪ್ಪು ಎಂದು ಬರೆದೆ. ಎರಡು ಪ್ರತಿ, ಒಂದಕ್ಕೆ ಮೊಹರು ಹಾಕಿಸಿಕೊಂಡೆ. ಮಂಜುಶ್ರೀ ಮೊಹರು ಒತ್ತುವಾಗ ನನ್ನ ಮುಖ ನೋಡಲಿಲ್ಲ.

3 ಜೂನ್, ಮಂಗಳವಾರ

ಟ್ರಸ್ಟಿನ ಉತ್ತರ ಬಂದಿದೆ. ವಿಷಯವನ್ನು ಜೂನ್ ಇಪ್ಪತ್ತೆಂಟರ ಮಂಡಳಿ ಸಭೆಯ ಮುಂದೆ ಇಡಲಾಗುವುದು. ಸಭೆಗೆ ಹೊರಗಿನವರಿಗೆ ಪ್ರವೇಶವಿಲ್ಲ. ಅಲ್ಲಿಯವರೆಗೆ ಯಥಾಸ್ಥಿತಿ.

ಹೊರಗಿನವರು ಯಾರು? 1986ರಲ್ಲಿ ಈ ಆಸ್ಪತ್ರೆ ಕಟ್ಟಲು ಎತ್ತಿನಗಾಡಿ ಹೂಡಿಕೊಂಡು ಮನೆಗೊಂದು ಸೇರು ರಾಗಿ ಎತ್ತಿದರು. ನಾನಾಗ ಪಿಯುಸಿ. ಮಳವಳ್ಳಿಯ ಸೋದರಮಾವನ ಮನೆಯಲ್ಲಿದ್ದೆ. ಅಕ್ಷರ ದುಂಡಗಿದೆ ಅಂತ ಹೆಸರು ಬರೆಯಲು ನನ್ನನ್ನೇ ಕೂರಿಸಿದ್ದರು. ಬಂಡೂರಿನಲ್ಲಿ ಒಂದು ಮನೆಯೂ ಬಿಟ್ಟಿರಲಿಲ್ಲ. ಮಕ್ಕಳು ಸುರಿದ ರಾಗಿಯಲ್ಲಿ ಕಲ್ಲು ಆರಿಸುತ್ತಿದ್ದವು. ಆ ಪುಸ್ತಕ ಅವರ ಯಾವ ಬೀರುವಿನಲ್ಲಿದೆಯೋ ತೆಗೆಯಲಿ.

ಆಂತರಿಕ ಅಂಕ ಸೊನ್ನೆ ಮಾಡಿದ್ದಾರಂತೆ. ನಯನ ಫೋನಿನಲ್ಲಿ ಅಳುತ್ತಿದ್ದಳು. ನನಗೆ ಮಳವಳ್ಳಿ ಬಸ್ಸಿಗೆ ಹೊತ್ತಾಗಿತ್ತು, ಆಮೇಲೆ ಮಾತಾಡುತ್ತೇನೆ ಅಂದೆ.

8 ಜೂನ್, ಭಾನುವಾರ

ನಿನ್ನೆ ಬಕ್ರೀದ್. ಇವತ್ತು ರಹೀಂ ಜೊತೆಯಲ್ಲಿ ಬಂಡೂರಿಗೆ ಹೋದೆ. ಕೊಟ್ಟಿಗೆಯಲ್ಲಿ ನಾಲ್ಕು ಕುರಿ ಉಳಿದಿವೆ. ಹಬ್ಬದ ಬೆಲೆಗೆ ಐದು ಹೋದವು, ಅದಕ್ಕೆ ಮೊದಲು ಎರಡು. ಟಗರೂ ಇರಲಿಲ್ಲ.

ಚಿಕ್ಕಬೋರಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಮುಖ ಊದಿ ಕಣ್ಣು ಸಣ್ಣಗಾಗಿವೆ. ಪಾದದ ಮೇಲೆ ಬೆರಳೊತ್ತಿ ತೋರಿಸಿದಳು; ಗುಳಿ ಬಿದ್ದದ್ದು ಬಿದ್ದ ಹಾಗೇ ಉಳಿಯಿತು. ಹೊನ್ನಯ್ಯ ರಹೀಂನನ್ನು ನೆರಳಿಗೆ ಕರೆದುಕೊಂಡು ಹೋದ.

ಹೇಳಿದೆ. ಆ ಕಾಗದ ಕಚೇರಿಯ ತಪ್ಪಲ್ಲ, ನಾನು ಬರೆದ ಲೆಕ್ಕ, ನಿನ್ನ ಚಿಕಿತ್ಸೆಯನ್ನೇ ನಿನ್ನ ಸಂಪಾದನೆ ಅಂತ ಬರೆದೆ ಅಂದೆ.

ಅವಳು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು.

“ಗೊತ್ತು ಕಣಕ್ಕ. ಈ ಜಗಲಿ ಮೇಲೆ ಕುಂತ್ಕೊಂಡು ನೀನೇ ತಾನೆ ಬರ್ದಿದ್ದು? ಬ್ಯಾರೆ ಯಾರು ಬಂದಿದ್ರು ನಮ್ಮನೆ ಲೆಕ್ಕ ಕೇಳಕ್ಕೆ?”

“ಗೊತ್ತಿದ್ದೂ ನನ್ನ ಹತ್ತಿರವೇ ಬಂದೆಯಾ?”

“ಬರ್ದೋಳೇ ಅಳಿಸ್ತಾಳೆ ಅಂತ ಬಂದೆ. ಬ್ಯಾರೆಯೋರ ಕೈಲಿ ಅಳ್ಸಕ್ಕಾಯ್ತದಾ?” ಮತ್ತೆ ಉಸಿರು. “ತಡ ಮಾಡ್ಬುಟ್ಟೆ ನೀನು.”

ಬೈಗುಳ ಇರಲಿಲ್ಲ ಅದರಲ್ಲಿ. ಬಸ್ಸು ತಡವಾಯಿತು ಅನ್ನುವ ಹಾಗೆ ಹೇಳಿದಳು.

14 ಜೂನ್, ಶನಿವಾರ

ಇಪ್ಪತ್ತೆಂಟನೇ ತಾರೀಖಿಗೆ ಇನ್ನು ಹದಿನಾಲ್ಕು ದಿನ. ಅವಳಿಗೆ ಅದು ಎರಡು ಸಲದ ಡಯಾಲಿಸಿಸ್. ನಾಲ್ಕು ಆಗಬೇಕಾದ ಕಡೆ ಎರಡು. ಈ ಗುರುವಾರ ಮಲಗಿಸಿಯೇ ಕರೆದುಕೊಂಡು ಹೋದರಂತೆ.

ನಾಳೆ ಬೆಳಗ್ಗೆ ಈ ಕೆಳಗಿನದನ್ನು ದೊಡ್ಡ ಅಕ್ಷರದಲ್ಲಿ ಬರೆದು ಕಾಲೇಜಿನ ಗೇಟಿಗೆ, ಆಸ್ಪತ್ರೆಯ ಗೋಡೆಗೆ, ಬಂಡೂರಿನ ಹಾಲಿನ ಡೈರಿಗೆ ಅಂಟಿಸುತ್ತೇನೆ. ಕೆಳಗೆ ನನ್ನ ಹೆಸರು, ವಿಳಾಸ ಇರುತ್ತದೆ. ರಹೀಂ ಆಗಲೇ ಮೈದಾ ಕಲಸಿ ಅಂಟು ಕಾಯಿಸಿಟ್ಟಿದ್ದಾರೆ. ನಯನ ಏಣಿ ಹಿಡಿಯಲು ಬರುತ್ತಾಳೆ.

‘ಓದಿಗಾಗಿ ಎಂದು ಮಾತು ಕೊಟ್ಟು ಪಡೆದ ಲೆಕ್ಕವನ್ನು, ಮಾರ್ಚ್ ಹತ್ತರಂದು, ಯಾರ ಅಪ್ಪಣೆಯ ಮೇಲೆ ತೆಗೆದುಕೊಂಡಿರಿ? ಪಟ್ಟಿ ಚಿಕ್ಕದಾಗಲಿ ಎಂದವರು ಯಾರು, ಅವರ ಹೆಸರೇನು? ತಪ್ಪು ಎಂದು ಬರೆದವಳೇ ಸಹಿ ಹಾಕಿ ಕೊಟ್ಟ ಮೇಲೂ ಒಂದು ತಿಂಗಳು ಕಾಯಿಸುವುದು ಯಾತಕ್ಕೆ? ಮೇ ಎಂಟರಿಂದ ಇಪ್ಪತ್ತೆಂಟರವರೆಗೆ ಇಪ್ಪತ್ತು ದಿನ ಸಹಿ ಹಾಕದೆ ಪರೀಕ್ಷೆಗೆ ಓದುತ್ತಾ ಕೂತವಳು ನಾನು. ಅದಕ್ಕೆ ಉತ್ತರವನ್ನು ನಾನೂ ಅಲ್ಲೇ ನಿಂತು ಕೊಡುತ್ತೇನೆ.

‘ನಿಮ್ಮ ಉತ್ತರ ಮುಚ್ಚಿದ ಬಾಗಿಲ ಹಿಂದೆ ಬೇಡ, ಅಂಚೆಯಲ್ಲೂ ಬೇಡ. ಟ್ರಸ್ಟಿನ ಅಧ್ಯಕ್ಷರು ಬಂಡೂರಿಗೆ ಬರಲಿ. ಊರಿನವರೆಲ್ಲರ ಎದುರಿಗೆ, ಹೊನ್ನಯ್ಯನ ಜಗಲಿಯ ಮುಂದೆ ನಿಂತು ಹೇಳಲಿ. ಇಪ್ಪತ್ತೆಂಟಕ್ಕಲ್ಲ. ಈ ವಾರವೇ ಬರಲಿ, ಚಿಕ್ಕಬೋರಮ್ಮ ಎದ್ದು ಕೂತು ಕೇಳಿಸಿಕೊಳ್ಳುವ ಹಾಗಿರುವಾಗಲೇ ಹೇಳಲಿ.’